ಜೋಳದ ಋಣ, ಜೀವದ ಲೆಕ್ಕ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಎರೆ ಹೊಲದ ಸೀಮೆ, ಬಿಳಿಜೋಳದ ಸೀಮೆ. ಇದೇ ಜೋಳದ ಹೆಸರಲ್ಲಿ ಹಿಂದೆ ಜನ ಪ್ರಾಣ ಕೊಡ್ತಿದ್ದರು ಅಂದರೆ ನಂಬ್ತೀರಾ ವೀಕ್ಷಕರೇ?

ಹಳಗನ್ನಡದಲ್ಲಿ ಅದಕ್ಕೆ ‘ಜೋಳವಾಳಿ’ ಅಂತ ಹೆಸರು. ಅನ್ನ ಹಾಕಿದ ಒಡೆಯನಿಗಾಗಿ ಯುದ್ಧದಲ್ಲಿ ಜೀವ ಕೊಟ್ಟು ಋಣ ತೀರಿಸೋದು. ಅದಕ್ಕೂ ಒಂದು ಹೆಜ್ಜೆ ಮುಂದೆ ‘ವೇಳೆವಾಳಿ’. ಒಡೆಯ ಸತ್ತರೆ ನಾನೂ ಸಾಯ್ತೀನಿ ಅಂತ ಮೊದಲೇ ಮಾತು ಕೊಡೋದು. ಹೊಯ್ಸಳರು ಇಂಥವರನ್ನ ಗರುಡರು ಅಂದರು. ವಿಷ್ಣುವಿಗೆ ಗರುಡ ಹೇಗೋ, ರಾಜನಿಗೆ ಇವರು ಹಾಗೆ!

1220ರಲ್ಲಿ ಇಮ್ಮಡಿ ವೀರಬಲ್ಲಾಳ ತೀರಿಕೊಂಡ. ದಂಡನಾಯಕ ಕುವರ ಲಕ್ಷ್ಮ, ಅವನ ಹೆಂಡತಿ ಸುಗ್ಗಲದೇವಿ, ಜೊತೆಗಿದ್ದ ವೀರರು ಕೊಟ್ಟ ಮಾತಿನಂತೆ ಪ್ರಾಣ ಬಿಟ್ಟರು. ಹಳೇಬೀಡಿನ ಹೊಯ್ಸಳೇಶ್ವರ ಗುಡಿ ಹತ್ತಿರ ಆ ಕಂಬ ಇವತ್ತಿಗೂ ಇದೆ. ತಮ್ಮ ತಲೆ ತಾವೇ ಕತ್ತರಿಸಿಕೊಳ್ಳೋ ವೀರರನ್ನ ಅದರ ಮೇಲೆ ಕೆತ್ತಿದ್ದಾರೆ.

ಇದು ನಮ್ಮಲ್ಲಿ ಮಾತ್ರ ಇದ್ದದ್ದಲ್ಲ. ಯುರೋಪಿನ ಉತ್ತರ ತುದಿಯ ವೈಕಿಂಗ್ ಕಥೆಗಳನ್ನ ಓದಿ. ಕರಡಿ ಚರ್ಮ ಹೊದ್ದ ಬೆರ್ಸರ್ಕರ್ ಯೋಧರು ಓಡಿನ್ ದೇವರ ಬಂಟರು. ರಣದಲ್ಲಿ ಬಿದ್ದವರನ್ನ ವಾಲ್ಕಿರಿಗಳೆಂಬ ದೇವಕನ್ಯೆಯರು ಓಡಿನ್‌ನ ಅರಮನೆ ವಾಲ್ಹಲ್ಲಾಗೆ ಕರೆದೊಯ್ತಾರೆ. ಈಗ ಹಳ್ಳಿ ಗುಡಿ ಮುಂದಿನ ವೀರಗಲ್ಲು ನೆನಪಿಸಿಕೊಳ್ಳಿ. ಕೆಳಗೆ ಯುದ್ಧ, ನಡುವೆ ವೀರನನ್ನ ಎತ್ತಿಕೊಂಡು ಹೋಗೋ ಅಪ್ಸರೆಯರು, ಮೇಲೆ ಶಿವಲಿಂಗ. ಕರಡಿ ಚರ್ಮದ ಬದಲು ನಮ್ಮಲ್ಲಿ ಗರುಡನ ಹೆಸರು, ಅಷ್ಟೇ. ಊಟ ಒಡೆಯನದು, ಸಾವು ಬಂಟನದು, ಸ್ವರ್ಗದ ಭರವಸೆ ದೇವರದು. ಆ ಭರವಸೆ ಇಲ್ಲದಿದ್ದರೆ ಇಷ್ಟು ಜನ ಇಷ್ಟು ಸುಲಭವಾಗಿ ಸಾಯ್ತಿದ್ದರಾ?

ಕುವರ ಲಕ್ಷ್ಮನಿಗಿಂತ ಸುಮಾರು 50 ವರ್ಷ ಮೊದಲೇ ಬಾಗೇವಾಡಿಯ ಬಸವಣ್ಣ ಈ ಲೆಕ್ಕವನ್ನೇ ತಿರುವಿ ಹಾಕಿದ್ದರು. ಅವರೂ ಬಿಜ್ಜಳನ ಭಂಡಾರಿ, ಅರಸನ ಅನ್ನ ಉಂಡವರೇ. ಆದರೆ ಅವರು ಹೇಳಿದ್ದು ಕಾಯಕ ಮತ್ತು ದಾಸೋಹ. ಜೋಳ ನಿನ್ನ ಬೆವರಿನದು, ಉಳಿದದ್ದನ್ನ ಹಂಚಿಕೋ. ಅಲ್ಲಿ ಋಣ ತೀರಿಸೋಕೆ ತಲೆ ಕೊಡಬೇಕಿಲ್ಲ, ದುಡಿಯೋ ಕೈ ಸಾಕು.

ವೀರಗಲ್ಲಿಗೆ ಕೈ ಮುಗಿಯೋಣ, ತಪ್ಪಿಲ್ಲ. ಆದರೆ ಇವತ್ತಿಗೂ ಯಾವುದೋ ನಾಯಕನಿಗಾಗಿ ಪ್ರಾಣ ಕೊಡ್ತೀನಿ ಅನ್ನೋ ಹುಡುಗರಿಗೆ ಒಂದು ಮಾತು: ನಿಮ್ಮ ಮನೆಯ ರೊಟ್ಟಿ ಯಾರ ದುಡಿಮೆಯದು ಅಂತ ಒಮ್ಮೆ ಅವ್ವನನ್ನ ಕೇಳಿ.