ಗ್ಯಾಸ್‌ಲೈಟಿನ ಪಂಪು, ಟ್ಯೂಬಿನ ಚೋಕು, ಎಲ್‌ಇಡಿಯ ಡ್ರೈವರು

ಇವತ್ತಿನ ಚರಿತ್ರೆ ನನ್ನ ಒಂದು ಪೆದ್ದುತನದಿಂದ ಶುರು.

ಕಳೆದ ಮಳೆಗಾಲದಲ್ಲಿ ಬಂಟ್ವಾಳದ ನಮ್ಮ ಮನೆ ಚಾವಡಿಯ ಎಲ್‌ಇಡಿ ಪ್ಯಾನೆಲ್ ಆಫ್ ಆಯ್ತು. ಡ್ರೈವರ್ ಹೋಗಿದೆ ಅಂತ ಗೊತ್ತಾಗಿ ನಾನೇ ಹೊಸತು ತಂದು ಹಾಕಿದೆ. ಪ್ಲಗ್ ಸರಿಯಾಗಿ ಕೂತಿತು, ಬೆಳಕು ಮೊದಲಿಗಿಂತ ಜೋರು! ಮೂರೇ ವಾರ. ಪ್ಯಾನೆಲ್ಲೇ ಸುಟ್ಟು ಹೋಯ್ತು. ಅದಕ್ಕೆ ಬೇಕಿದ್ದದ್ದು 300 ಮಿಲಿಆಂಪಿಯರ್, ನಾನು ಕೊಟ್ಟದ್ದು 600.

ಅಜ್ಜಿ ಹೇಳಿದ್ದು, "ಗ್ಯಾಸ್‌ಲೈಟಿಗೆ ಹೆಚ್ಚು ಪಂಪ್ ಹೊಡೆದ ಹಾಗಾಯ್ತಲ್ಲ ಮಗಾ."

ಅಜ್ಜಿ ಹೇಳಿದ್ದು ನೂರಕ್ಕೆ ನೂರು ಸರಿ ಮಾರಾಯ್ರೆ. ನಮ್ಮ ಕಡೆ ಯಕ್ಷಗಾನಕ್ಕೆ ಮೊದಲು ದೀವಟಿಗೆ ಇತ್ತು, ಆಮೇಲೆ ಗ್ಯಾಸ್‌ಲೈಟ್ ಬಂತು. ಅದರಲ್ಲಿ ಸೀಮೆಎಣ್ಣೆಯ ಒತ್ತಡ ಹದದಲ್ಲಿರಬೇಕು, ಬೆಳಗಿನವರೆಗೆ ಒಬ್ಬ ಅದನ್ನು ನೋಡಿಕೊಳ್ಳುತ್ತಿದ್ದ. ನನ್ನ ಲೆಕ್ಕದಲ್ಲಿ ಅವನೇ ಮೊದಲ ಡ್ರೈವರ್!

ಕರೆಂಟ್ ಬಂದಾಗ ಬುರುಡೆ ಬಲ್ಬ್ ನಮ್ಮನ್ನು ಸೋಮಾರಿ ಮಾಡಿತು. ತಂತಿ ಬಿಸಿಯಾದಷ್ಟೂ ಅದರ ರೋಧ ಹೆಚ್ಚುತ್ತದೆ, ಕರೆಂಟನ್ನು ಅದೇ ತಡೆಯುತ್ತದೆ. ಟ್ಯೂಬ್‌ಲೈಟ್ ಹಾಗಲ್ಲ, ಹೊತ್ತಿದ ಮೇಲೆ ಕರೆಂಟ್ ಏರುತ್ತಲೇ ಹೋಗುತ್ತದೆ. ಅದಕ್ಕೇ ಚೋಕ್. ಎಲ್‌ಇಡಿಯದ್ದೂ ಅದೇ ಬುದ್ಧಿ: ಬಿಸಿಯಾದರೆ ಇನ್ನಷ್ಟು ಕರೆಂಟ್ ಎಳೆಯುತ್ತದೆ, ಎಳೆದು ಇನ್ನಷ್ಟು ಬಿಸಿಯಾಗುತ್ತದೆ. 2015ರ ಜನವರಿಯಲ್ಲಿ ಶುರುವಾದ ಉಜಾಲಾ ಯೋಜನೆಯ ಬಲ್ಬಿನಲ್ಲಿ ಡ್ರೈವರ್ ಒಳಗೇ ಇತ್ತು, ಹಾಗಾಗಿ ನಮಗೆ ಅದರ ಸುದ್ದಿಯೇ ಗೊತ್ತಿರಲಿಲ್ಲ.

ಬೆಳ್ತಂಗಡಿಯ ಘಟ್ಟದ ಬುಡದ ಕಥೆ ಬೇರೆ. ಹರೀಶ್ ಹಂದೆ, ನೆವಿಲ್ ವಿಲಿಯಮ್ಸ್ 1995ರಲ್ಲಿ ಸೆಲ್ಕೋ ಕಟ್ಟಿದ ಮೇಲೆ ನಮ್ಮ ಜಿಲ್ಲೆಯ ಮನೆಗಳಿಗೆ ಸೋಲಾರ್ ದೀಪ ಬಂತು. ಅಂಥ ಮನೆಯಲ್ಲಿ ಲೈನ್ 12 ವೋಲ್ಟ್ ಡಿಸಿ ಆಗಿದ್ದರೆ, ಪೇಟೆಯ 230 ವೋಲ್ಟ್ ಡ್ರೈವರ್ ತಂದು ಪ್ರಯೋಜನ ಇಲ್ಲ.

ಇನ್ನು ಮೂಡುಬಿದಿರೆ. 1430ರ ಸಾವಿರ ಕಂಬದ ಬಸದಿ ಎಣ್ಣೆದೀಪದ ಕಾಲದ್ದು, ಈಗ ಹಬ್ಬ ಅಂದರೆ ಪೇಟೆಯಲ್ಲಿ ಸ್ಟ್ರಿಪ್ ಲೈಟ್. ಸ್ಟ್ರಿಪ್‌ಗೆ ಪ್ಯಾನೆಲ್ಲಿನ ಡ್ರೈವರ್ ಆಗುವುದಿಲ್ಲ. ಪ್ಯಾನೆಲ್ಲಿಗೆ ಕರೆಂಟ್ ಸ್ಥಿರ ಇರಬೇಕು, ಜೊತೆಗೆ ಅದರ ವೋಲ್ಟೇಜ್ ಡ್ರೈವರಿನ ಮೇಲೆ ಬರೆದ ಮಿತಿಯೊಳಗೆ ಬರಬೇಕು. ಸ್ಟ್ರಿಪ್ಪಿಗೆ ವೋಲ್ಟೇಜ್ ಸ್ಥಿರ ಇರಬೇಕು, 12 ಅಥವಾ 24. ಮೀಟರಿಗೆ 14.4 ವ್ಯಾಟಿನ ಸ್ಟ್ರಿಪ್ ಐದು ಮೀಟರ್ ಅಂದರೆ 72 ವ್ಯಾಟ್, 12 ವೋಲ್ಟಿನಲ್ಲಿ 6 ಆಂಪಿಯರ್. 72ರದ್ದೇ ತಂದರೆ ಅದು ಸದಾ ಏದುಸಿರಲ್ಲೇ ಓಡುತ್ತದೆ, 90ರ ಆಸುಪಾಸಿನದ್ದು ತನ್ನಿ. ಹೊರಗೆ ಹಾಕುವುದಾದರೆ ಐಪಿ67 ನೋಡಿ, ನಮ್ಮ ಮಳೆ ಗೊತ್ತಲ್ಲ.

ಚಾವಡಿಗೆ ಹೊಸ ಪ್ಯಾನೆಲ್ ಬಂದಿದೆ. ಬೆನ್ನಿನ ಸ್ಟಿಕ್ಕರಿನ ಫೋಟೋ ಮೊಬೈಲಿನಲ್ಲಿದೆ. ಆದರೆ ಅಜ್ಜಿ ಏಣಿ ಮುಟ್ಟಲು ಬಿಡುತ್ತಿಲ್ಲ, ಎಲೆಕ್ಟ್ರಿಷಿಯನ್ ಅಣ್ಣ ಆದಿತ್ಯವಾರ ಬರ್ತಾರಂತೆ.