ಮಕ್ಕಳ ಅಂತರಜಾಲ ಸುರಕ್ಷತಾ ಶಿಕ್ಷಣ

ಮೊಬೈಲ್, ಆನ್‌ಲೈನ್ ಆಟ, ಸಾಮಾಜಿಕ ಜಾಲತಾಣಗಳಲ್ಲಿ ಎದುರಾಗುವ ಅಪಾಯಗಳನ್ನು ಗುರುತಿಸಲು, ಸಿಕ್ಕಿಬಿದ್ದಾಗ ಹೆದರದೆ ನೆರವು ಕೇಳಲು ಮಕ್ಕಳನ್ನು ಅಣಿಗೊಳಿಸುವ ಶಿಕ್ಷಣ. 2020ರ ಕೋವಿಡ್ ಕಾಲದಲ್ಲಿ ಪಾಠವೇ ಫೋನಿಗೆ ಬಂದಾಗ ಭಾರತದಲ್ಲಿ ಇದರ ಅಗತ್ಯ ಎದ್ದು ಕಂಡಿತು. ಆ ವರ್ಷವೇ ಎನ್‌ಸಿಇಆರ್‌ಟಿ ಮತ್ತು ಯುನೆಸ್ಕೊ ಸೇರಿ ವಿದ್ಯಾರ್ಥಿಗಳಿಗೂ ಶಿಕ್ಷಕರಿಗೂ ಕೈಪಿಡಿಯೊಂದನ್ನು ಹೊರತಂದವು.

ಪಾಸ್‌ವರ್ಡ್, ಒಟಿಪಿ ಯಾರಿಗೂ ಹೇಳಬಾರದೆಂಬ ಪಾಠ ಸುಲಭ. ಮಕ್ಕಳು ಬೇಗ ಕಲಿಯುತ್ತಾರೆ. ಕಷ್ಟವಿರುವುದು ಸ್ನೇಹದ ವೇಷದಲ್ಲಿ ಬರುವ ಅಪಾಯವನ್ನು ತಿಳಿಸುವುದರಲ್ಲಿ. ಆಟದ ಚಾಟ್‌ನಲ್ಲಿ ಪರಿಚಯವಾದವರು ತಾವೂ ಅದೇ ವಯಸ್ಸಿನವರೆನ್ನುತ್ತಾರೆ, ಹೊಗಳುತ್ತಾರೆ, ಆಟದ ನಾಣ್ಯಗಳನ್ನು ಕೊಡಿಸುತ್ತಾರೆ. ಆಮೇಲೆ ಮಾತು ಖಾಸಗಿ ಆ್ಯಪ್‌ಗೆ ಸರಿಯುತ್ತದೆ, ‘ಮನೆಯಲ್ಲಿ ಹೇಳಬೇಡ’ ಎಂಬ ಸೂಚನೆ ಬರುತ್ತದೆ, ಫೋಟೊ ಕೇಳುತ್ತಾರೆ. ಫೋಟೊ ಕೈಸೇರಿದ ಕ್ಷಣದಿಂದ ಬೆದರಿಕೆ ಶುರು. ‘ಅಪರಿಚಿತರ ಜೊತೆ ಮಾತಾಡಬೇಡ’ ಎಂಬ ಎಚ್ಚರಿಕೆ ಇಲ್ಲಿ ಸಾಲದು, ಏಕೆಂದರೆ ಅಷ್ಟು ಹೊತ್ತಿಗೆ ಆ ವ್ಯಕ್ತಿ ಮಗುವಿನ ಪಾಲಿಗೆ ಅಪರಿಚಿತನಾಗಿ ಉಳಿದಿರುವುದಿಲ್ಲ. ಗುಟ್ಟಾಗಿಡು ಎಂದಾಗಲೇ ದೊಡ್ಡವರಿಗೆ ತಿಳಿಸಬೇಕೆಂದು ಕಲಿಸುವುದು ಹೆಚ್ಚು ಉಪಯುಕ್ತ.

ತಿಳಿಸಿದರೆ ಏನಾಗುತ್ತದೆ ಎಂಬ ಭಯವೇ ದೊಡ್ಡ ಅಡ್ಡಿ. ಫೋನ್ ಕಿತ್ತುಕೊಳ್ಳುತ್ತಾರೆ, ಬೈಯುತ್ತಾರೆ; ಹೆಣ್ಣುಮಕ್ಕಳಿಗಾದರೆ ಓದೇ ನಿಂತೀತೆಂಬ ಆತಂಕ. ಬೆದರಿಸುವವನ ಬಲವೆಲ್ಲ ಈ ಮೌನದಲ್ಲಿದೆ. ಆದ್ದರಿಂದ ಶಿಕ್ಷಣ ಮೊದಲು ತಲುಪಬೇಕಾದದ್ದು ತಂದೆತಾಯಿಯರಿಗೆ: ಮಗು ಹೇಳಿಕೊಂಡಾಗ ದಂಡಿಸಬಾರದು, ತಪ್ಪು ಬೆದರಿಸಿದವನದು ಎಂದು ಬಾಯಿಬಿಟ್ಟು ಹೇಳಬೇಕು. ಹಣ ಕೊಡದೆ, ಸಂದೇಶಗಳನ್ನು ಅಳಿಸದೆ, ಖಾತೆಯ ವಿವರ ಬರೆದಿಟ್ಟುಕೊಂಡು ದೂರು ಕೊಡಬೇಕು. ಮಕ್ಕಳ ಸಹಾಯವಾಣಿ 1098. ಸೈಬರ್ ವಂಚನೆಗೆ 1930. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಕ್ಕಳ ಲೈಂಗಿಕ ಶೋಷಣೆಯ ಚಿತ್ರಗಳ ಬಗ್ಗೆ ಹೆಸರು ತಿಳಿಸದೆಯೂ ದೂರು ಕೊಡಬಹುದು.

ಇಂಥ ಚಿತ್ರಗಳ ಹಂಚಿಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನಡಿ ಅಪರಾಧ. ಸಹಪಾಠಿಯ ಅಂಥ ಚಿತ್ರವನ್ನು ತಮಾಷೆಗೆಂದು ಗುಂಪಿಗೆ ಫಾರ್ವರ್ಡ್ ಮಾಡುವುದೂ ಇದರಲ್ಲಿ ಸೇರುತ್ತದೆಂಬುದು ಹದಿಹರೆಯದವರಿಗೆ ಸ್ಪಷ್ಟವಾಗಿ ಗೊತ್ತಿರಬೇಕು. 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ಲೈಂಗಿಕ ಅಪರಾಧದ ಸುಳಿವು ಸಿಕ್ಕವರು ಪೊಲೀಸರಿಗೆ ತಿಳಿಸಲೇಬೇಕು. ಶಾಲೆಯ ಮರ್ಯಾದೆಗೆ ಅಂಜಿ ಮುಚ್ಚಿಹಾಕುವ ಶಿಕ್ಷಕರು ತಾವೇ ಶಿಕ್ಷೆಗೆ ಗುರಿಯಾಗಬಹುದು.

ಹಲವು ಜಾಲತಾಣಗಳು ಖಾತೆ ತೆರೆಯಲು ಇಟ್ಟಿರುವ 13 ವರ್ಷದ ಮಿತಿಯನ್ನು ಪೋಷಕರು ಪ್ರಬುದ್ಧತೆಯ ಅಳತೆಯೆಂದು ಭಾವಿಸುತ್ತಾರೆ. ಅದರ ಮೂಲ ಅಮೆರಿಕದ 1998ರ ಕಾಯ್ದೆ. ಅದು ನಿಯಂತ್ರಿಸಿದ್ದು ಮಕ್ಕಳ ಮಾಹಿತಿ ಸಂಗ್ರಹವನ್ನು. ಭಾರತದ 2023ರ ದತ್ತಾಂಶ ರಕ್ಷಣಾ ಕಾಯ್ದೆಯಂತೂ 18 ತುಂಬದವರೆಲ್ಲರನ್ನೂ ಮಕ್ಕಳೆಂದೇ ಪರಿಗಣಿಸುತ್ತದೆ.



ಮಗುವಿನ ಖಾಸಗಿ ಚಿತ್ರ ಈಗಾಗಲೇ ಹರಡಿದ್ದರೆ ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆಯಿದೆ. ಅದು ಚಿತ್ರದ ಅಂಕಿರೂಪದ ಗುರುತನ್ನು ಫೋನಿನಲ್ಲೇ ತಯಾರಿಸುತ್ತದೆ; ಚಿತ್ರ ಫೋನಿನಿಂದ ಹೊರಹೋಗುವುದಿಲ್ಲ. ಆ ಗುರುತನ್ನು ಹಿಡಿದು ಸೇವೆಯಲ್ಲಿ ಪಾಲ್ಗೊಂಡಿರುವ ಕಂಪನಿಗಳು ತಮ್ಮ ತಾಣಗಳಲ್ಲಿ ಚಿತ್ರವನ್ನು ಹುಡುಕಿ ತೆಗೆಯಬಲ್ಲವು. ಗೂಢಲಿಪೀಕರಣಗೊಂಡ ಖಾಸಗಿ ಸಂದೇಶಗಳಿಗೆ ಅದು ತಲುಪದು.