ಮರ ಬಗ್ಗಿಸುವ ಕಾವು

ಅಥಣಿ ತಾಲ್ಲೂಕಿನ ಐಗಳಿಯಂಥ ಊರುಗಳಲ್ಲಿ ಚಕ್ಕಡಿಯ ಗಾಲಿಗೆ ಹಳಿ ಹಾಕುವುದೆಂದರೆ ಬಡಿಗ ಮತ್ತು ಕಂಬಾರ ಇಬ್ಬರೂ ಕೂಡಿ ಮಾಡಬೇಕಾದ ಕೆಲಸ. ಗಾಲಿಯ ಸುತ್ತಳತೆಗಿಂತ ತುಸುವೇ ಚಿಕ್ಕದಾದ ಕಬ್ಬಿಣದ ಹಳಿಯನ್ನು ನೆಲದ ಮೇಲಿಟ್ಟು, ಸುತ್ತ ಕುಳ್ಳು ಒಟ್ಟಿ ಬೆಂಕಿ ಹಚ್ಚುತ್ತಾರೆ. ಕಾದ ಹಳಿ ಹಿಗ್ಗುತ್ತದೆ. ಇಕ್ಕಳಗಳಿಂದ ಅದನ್ನೆತ್ತಿ ಗಾಲಿಗೆ ತೊಡಿಸಿದ ಕೂಡಲೇ ನೀರು ಸುರಿಯಬೇಕು. ಹಳಿ ಕುಗ್ಗಿ ಇಡೀ ಗಾಲಿಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ತಡವಾದರೆ ಮರ ಸುಡುತ್ತದೆ; ಕಾವು ಸಾಲದಿದ್ದರೆ ಹಳಿ ಕೂರುವುದೇ ಇಲ್ಲ.

ಇಲ್ಲಿ ಕಾವು ತಿನ್ನುವುದು ಕಬ್ಬಿಣ, ಮರವಲ್ಲ. ಗಾಲಿಯ ದುಂಡನ್ನು ಬಡಿಗ ದಪ್ಪ ತುಂಡುಗಳಿಂದ ಬಾಚಿಯಲ್ಲಿ ಕೆತ್ತಿ ತೆಗೆದಿರುತ್ತಾನೆ. ಆದರೆ ಮರದ ಬಲವಿರುವುದು ಅದರ ಉದ್ದನೆಯ ಎಳೆಗಳಲ್ಲಿ. ಡೊಂಕಾಗಿ ಕೆತ್ತಿದಲ್ಲೆಲ್ಲ ಎಳೆ ಕತ್ತರಿಸಿ ಹೋಗುತ್ತದೆ. ಆ ಕೊರತೆ ತುಂಬಲು ಕಬ್ಬಿಣ ಬೇಕಾಗುತ್ತದೆ. ಗಡಿಯಾಚೆಯ ಮಿರಜಿನ ತಂಬೂರಿ ತಯಾರಕರು ಇನ್ನೊಂದು ದಾರಿ ಹಿಡಿದರು. ತಂಬೂರಿಯ ಬುರುಡೆಗೆ ಅವರು ಒಣಗಿದ ಸೋರೆಯನ್ನು ಬಳಸುತ್ತಾರೆ. ಆ ದುಂಡನ್ನು ಬಳ್ಳಿಯೇ ಬೆಳೆಸಿ ಕೊಟ್ಟಿರುತ್ತದೆ. ಮೂರನೆಯ ದಾರಿ ಎಳೆಯನ್ನು ಕಡಿಯದೆ ಮರವನ್ನೇ ಬಗ್ಗಿಸುವುದು. ದಪ್ಪ ಬಿದಿರಿನ ಗಳವನ್ನು ಬೆಂಕಿಯ ಮೇಲೆ ತಿರುಗಿಸುತ್ತ ಅದರ ಡೊಂಕು ತಿದ್ದುವ ಮೇದಾರನಿಗೆ ಈ ದಾರಿ ಗೊತ್ತು. ಇದನ್ನೇ ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದವರು ಹಡಗು ಕಟ್ಟುವ ಬಡಗಿಗಳು.

ಒಣಗಿದ ಹಲಗೆಯನ್ನು ಬಲವಂತವಾಗಿ ಬಗ್ಗಿಸಿದರೆ ಮುರಿಯುತ್ತದೆ. ಬಿಸಿಯೂ ತೇವವೂ ಸೇರಿದರೆ ಬಾಗುತ್ತದೆ. ಕಾರಣ ಸರಳ. ಮರವೆಂದರೆ ಸೆಲ್ಯುಲೋಸ್ ಎಂಬ ಗಟ್ಟಿ ಎಳೆಗಳ ಕಟ್ಟು. ಈ ಎಳೆಗಳನ್ನು ಒಂದಕ್ಕೊಂದು ಅಂಟಿಸಿಟ್ಟಿರುವುದು ಲಿಗ್ನಿನ್. ಬೆಲ್ಲದ ಪಾಕದಂತೆ ಇದು ಕಾವಿಗೆ ಮೆದುವಾಗುತ್ತದೆ, ಆರಿದಾಗ ಗಟ್ಟಿಯಾಗುತ್ತದೆ. ತೇವವಿರುವ ಮರದಲ್ಲಿ ಸುಮಾರು 100 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಲಿಗ್ನಿನ್ ಸಡಿಲಗೊಂಡು ಎಳೆಗಳು ಜರುಗಲು ಎಡೆ ಕೊಡುತ್ತದೆ. ಆಗ ಹಲಗೆಯನ್ನು ಬಗ್ಗಿಸಿ, ಆರುವವರೆಗೆ ಹಿಡಿದಿಟ್ಟರೆ ಬಾಗು ಹಾಗೆಯೇ ನಿಲ್ಲುತ್ತದೆ. ಹಬೆಯಲ್ಲಿ ಬೆಂದ ಮರವನ್ನು ಅದುಮಿ ಬಹಳಷ್ಟು ಕುಗ್ಗಿಸಬಹುದು. ಹಿಗ್ಗಿಸಲು ಹೋದರೆ ನೂರಕ್ಕೆ ಒಂದೆರಡು ಪಾಲಿಗಿಂತ ಹೆಚ್ಚು ಹಿಗ್ಗದು. ಆದ್ದರಿಂದಲೇ ಬಾಗಿನ ಹೊರಮೈ ಮೊದಲು ಸೀಳುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮೈಕೇಲ್ ಥೋನೆಟ್ ಎಂಬ ಕುಶಲಿ ಹೊರಮೈಗೆ ಲೋಹದ ಪಟ್ಟಿ ಕಟ್ಟಿ ಬಗ್ಗಿಸುವ ಉಪಾಯ ಬಳಸಿದ. 1859ರಲ್ಲಿ ಬಂದ ಅವನ ಬಾಗುಮರದ ಕುರ್ಚಿ ಲೋಕಪ್ರಸಿದ್ಧವಾಯಿತು.

ಕಾವು ಕೊಡುವ ಸಾಧನ ಕಾಲಕಾಲಕ್ಕೆ ಬದಲಾಯಿತು. ಯುರೋಪಿನ ಹಡಗುಕಟ್ಟೆಗಳಲ್ಲಿ ಮೊದಲು ಹಲಗೆಯ ಒಂದು ಮೈಗೆ ಬೆಂಕಿ ಹಿಡಿದು ಇನ್ನೊಂದು ಮೈಯನ್ನು ನೀರಿನಿಂದ ತೋಯಿಸುತ್ತಿದ್ದರು. ಒಳಮೈ ಕರಿಕಾಗುತ್ತಿತ್ತು. ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಬಿಸಿಯಾದ ಹಸಿ ಮರಳಿನಲ್ಲಿ ಹಲಗೆ ಹೂಳುವ ಪದ್ಧತಿ ಬಂತು. ಮುಂದೆ ಉಗಿಪೆಟ್ಟಿಗೆ ಬಂತು. ಉದ್ದನೆಯ ಮುಚ್ಚಿದ ಪೆಟ್ಟಿಗೆಯಲ್ಲಿ ಹಲಗೆಯಿಟ್ಟು ಕೆಳಗಿನಿಂದ ಹಬೆ ಹಾಯಿಸುವುದಷ್ಟೇ ಅದರ ಕೆಲಸ. ಒಂದು ಅಂಗುಲ ದಪ್ಪಕ್ಕೆ ಒಂದು ಗಂಟೆ ಎಂಬುದು ಬಡಗಿಗಳ ರೂಢಿಯ ಲೆಕ್ಕ. ಹೊರತೆಗೆದ ಮೇಲೆ ಕೆಲವೇ ನಿಮಿಷಗಳಲ್ಲಿ ಹಲಗೆಯನ್ನು ಜಾಗಕ್ಕೆ ಕೂರಿಸಬೇಕು.

ಹಡಗಿನ ಪುಟ್ಟ ಮಾದರಿ ಮಾಡುವವರಿಗೂ ಇದೇ ಪಾಠ. ಅವರ ಹಲಗೆ ಒಂದೆರಡು ಮಿಲಿಮೀಟರ್ ದಪ್ಪದ ಪಟ್ಟಿ. ನೀರಿನಲ್ಲಿ ನೆನೆಸಿ, ಕಾದ ಲೋಹದ ಕೊಳವೆಗೆ ಒತ್ತಿ ಬಗ್ಗಿಸುತ್ತಾರೆ. ಪಿಟೀಲಿನ ಪಕ್ಕದ ಪಟ್ಟಿಗಳನ್ನು ಬಗ್ಗಿಸುವುದೂ ಹೀಗೆಯೇ. ರೇಡಿಯೋ ರಿಪೇರಿಯವರ ಸೋಲ್ಡರಿಂಗ್ ಐರನ್ನನ್ನು ಹೋಲುವ ವಿದ್ಯುತ್ ಸಾಧನಗಳೂ ಇದಕ್ಕೆಂದೇ ಇವೆ. ಹಡಗನ್ನು ನೂರರಲ್ಲೊಂದು ಪಾಲಿಗೆ ಇಳಿಸಬಹುದು. ಮರದ ಎಳೆಯನ್ನು ಇಳಿಸಲಾಗದು. ಎಳೆ ಒರಟಾದ ಮರ ಚಿಕ್ಕ ಪಟ್ಟಿಯಲ್ಲಿ ಬಾಗುವ ಬದಲು ಚಕ್ಕೆಯೇಳುತ್ತದೆ. ಹೀಗಾಗಿ ಅವರು ನಯವಾದ, ನೇರ ಎಳೆಯ ಮರವನ್ನು ಹುಡುಕುತ್ತಾರೆ.

ಈ ವಿದ್ಯೆಯ ಬೆಲೆ ಎಷ್ಟೆಂದು ತಿಳಿಯಬೇಕಾದರೆ ನಮ್ಮ ಪಶ್ಚಿಮ ಕರಾವಳಿಯ ಹೊಲಿದ ಹಡಗುಗಳನ್ನು ನೋಡಬೇಕು. ಮೊಳೆ ಬಳಸದೆ, ಹಲಗೆಗಳಿಗೆ ತೂತು ಕೊರೆದು ತೆಂಗಿನ ನಾರಿನ ಹಗ್ಗದಿಂದ ಹೊಲಿದ ಹಡಗುಗಳು ಅರಬ್ಬೀ ಸಮುದ್ರದಲ್ಲಿ ಶತಮಾನಗಳ ಕಾಲ ಓಡಾಡಿದವು. ಮಾರ್ಕೊ ಪೋಲೊ ಹೊರ್ಮುಜಿನಲ್ಲಿ ಇಂಥವನ್ನು ಕಂಡು ನಂಬಲರ್ಹವಲ್ಲವೆಂದು ಹಳಿದ. ಹದಿನಾಲ್ಕನೆಯ ಶತಮಾನದಲ್ಲಿ ಹೊನ್ನಾವರಕ್ಕೂ ಬಂದಿದ್ದ ಇಬ್ನ್ ಬತೂತನ ಅಭಿಪ್ರಾಯ ಬೇರೆ. ಬಂಡೆಗೆ ತಾಗಿದಾಗ ಮೊಳೆ ಹೊಡೆದ ಹಡಗು ಒಡೆಯುತ್ತದೆ, ನಾರಿನಿಂದ ಹೊಲಿದದ್ದು ಬಳುಕಿ ಉಳಿಯುತ್ತದೆ ಎಂದು ಅವನು ಬರೆದ. ಪೋರ್ಚುಗೀಸರು ಬಂದ ಮೇಲೆ ಮೊಳೆಯ ಹಡಗುಗಳದೇ ಮೇಲುಗೈಯಾಯಿತು. ಹೊಲಿಗೆಯ ವಿದ್ಯೆ ಸಣ್ಣ ದೋಣಿಗಳಿಗೆ, ಕೆಲವೇ ಕುಟುಂಬಗಳಿಗೆ ಸೀಮಿತವಾಯಿತು.

ಮೊಳೆಯಿದ್ದರೆ ಸರಿಯಾಗಿ ಬಾಗದ ಹಲಗೆಯನ್ನೂ ಎಳೆದು ಬಡಿದು ಕೂರಿಸಬಹುದು. ನಾರಿನ ಹೊಲಿಗೆಗೆ ಆ ಬಲವಿಲ್ಲ. ಹಲಗೆ ಮೊದಲೇ ತನ್ನ ಬಾಗನ್ನು ಕಲಿತಿರಬೇಕು. ಆದ್ದರಿಂದ ಹೊಲಿದ ಹಡಗಿನಲ್ಲಿ ಸೂಜಿಗಿಂತ ಮೊದಲು ಕಾವು ಬರುತ್ತದೆ.

2025ರ ಮೇ 21ರಂದು ಕಾರವಾರದಲ್ಲಿ ಭಾರತೀಯ ನೌಕಾಪಡೆಗೆ ಸೇರಿದ ‘ಕೌಂಡಿನ್ಯ’ ಇದಕ್ಕೆ ಸಾಕ್ಷಿ. ಅಜಂತಾ ಗುಹೆಯ ಐದನೆಯ ಶತಮಾನದ ಚಿತ್ರವೊಂದನ್ನು ನೋಡಿ ಕಟ್ಟಿದ ಹಾಯಿಹಡಗು ಇದು. ನಕ್ಷೆ ಇರಲಿಲ್ಲ, ಅಂಥ ಹಡಗಿನ ಅವಶೇಷವೂ ಇರಲಿಲ್ಲ. 2023ರಲ್ಲಿ ಸಂಸ್ಕೃತಿ ಸಚಿವಾಲಯ, ನೌಕಾಪಡೆ ಮತ್ತು ಗೋವಾದ ಹೋಡಿ ಇನ್ನೋವೇಷನ್ಸ್ ಸೇರಿ ಕೆಲಸ ಆರಂಭಿಸಿದವು. ಮದ್ರಾಸ್ ಐಐಟಿಯ ಸಾಗರ ಎಂಜಿನಿಯರಿಂಗ್ ವಿಭಾಗ ಚಿಕ್ಕ ಮಾದರಿಯನ್ನು ನೀರಿಗಿಳಿಸಿ, ಹಡಗು ಹೇಗೆ ತೇಲೀತೆಂದು ಪರೀಕ್ಷಿಸಿತು. ಕೇರಳದ ಬಾಬು ಶಂಕರನ್ ಅವರ ನೇತೃತ್ವದಲ್ಲಿ ಕುಶಲಕರ್ಮಿಗಳು ಹಲಗೆಗಳನ್ನು ಹಬೆಯಲ್ಲಿ ಬೇಯಿಸಿ ಬಗ್ಗಿಸಿ, ನಾರಿನ ಹಗ್ಗದಿಂದ ಹೊಲಿದರು. ಸಂದುಗಳಿಗೆ ತೆಂಗಿನ ನಾರು, ರಾಳ, ಮೀನೆಣ್ಣೆ ಹಾಕಿ ಮುಚ್ಚಿದರು. ಹಾಯಿಯ ಮೇಲೆ ಕನ್ನಡಿಗರಿಗೆ ಚಿರಪರಿಚಿತವಾದ ಗಂಡಭೇರುಂಡವಿದೆ. 2025ರ ಡಿಸೆಂಬರಿನಲ್ಲಿ ಅದು ಪೋರಬಂದರಿನಿಂದ ಮಸ್ಕತ್ತಿಗೆ ಹೊರಟಿತು.

ಅಜಂತಾದ ಚಿತ್ರಕಾರ ಹಡಗಿನ ಆಕಾರವನ್ನು ಹದಿನೈದು ಶತಮಾನ ದಾಟಿಸಿ ನಮಗೆ ಮುಟ್ಟಿಸಿದ. ಆದರೆ ಹಲಗೆ ಎಷ್ಟು ಹೊತ್ತು ಬೇಯಬೇಕು, ಯಾವ ಮರ ಎಷ್ಟು ತಾಳೀತು, ಯಾವಾಗ ಕೈ ಬಿಡಬೇಕು ಎಂಬುದನ್ನು ಯಾವ ಚಿತ್ರವೂ ಹೇಳದು. ಆಕಾರ ಗೋಡೆಯ ಮೇಲೆ ಉಳಿಯುತ್ತದೆ. ಕಾವಿನ ಹದ ಕೈಯಿಂದ ಕೈಗೆ ಮಾತ್ರ ದಾಟುತ್ತದೆ. ನಡುವೆ ಒಂದು ತಲೆಮಾರು ಕೈಬಿಟ್ಟರೂ ಸರಪಳಿ ತುಂಡಾಗುತ್ತದೆ. ಕೇರಳದಲ್ಲಿ ಆ ಕೈಗಳು ಇನ್ನೂ ಉಳಿದಿದ್ದರಿಂದ ಕೌಂಡಿನ್ಯ ತೇಲಿತು.

ಐಗಳಿಯ ಕಡೆಯ ರಸ್ತೆಗಳಲ್ಲೂ ರಬ್ಬರ್ ಟಾಯರಿನ ಗಾಡಿ, ಟ್ರ್ಯಾಕ್ಟರುಗಳು ಬಂದಿವೆ. ಹಳಿಯ ಗಾಲಿ ವಸ್ತುಸಂಗ್ರಹಾಲಯ ಸೇರಿದರೆ ಅದರ ಅಳತೆ ತೆಗೆಯುವುದು ಕಷ್ಟವಲ್ಲ. ಕುಳ್ಳಿನ ಬೆಂಕಿಯಲ್ಲಿ ಕೆಂಪಾದ ಹಳಿಯ ಬಣ್ಣ ನೋಡಿ ‘ಈಗ ಎತ್ತು’ ಎನ್ನುವ ಕಂಬಾರನ ಕಣ್ಣನ್ನು ಮಾತ್ರ ಯಾವ ವಸ್ತುಸಂಗ್ರಹಾಲಯದಲ್ಲೂ ಇಡಲಾಗದು. ಅದನ್ನು ಇನ್ನೊಬ್ಬನಿಗೆ ಕಲಿಸಿಯೇ ಉಳಿಸಬೇಕು.